ರಾಮಚಂದ್ರನ್ ಅವರ ಎಚ್-ಇಂಡೆಕ್ಸ್ ಎಷ್ಟು?

ಕಿನ್ನಿಗೋಳಿಯ ನಿವೃತ್ತ ಉಪನ್ಯಾಸಕರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಜೈವಿಕ ಭೌತವಿಜ್ಞಾನಿ ಜಿ. ಎನ್. ರಾಮಚಂದ್ರನ್ ಬಗ್ಗೆ ಎರಡು ಪುಟ ಕೊಟ್ಟಿರಿ, ಸಂತೋಷ. ಆದರೆ ಅವರ ಪ್ರಬಂಧಗಳಿಗೆ ಎಷ್ಟು ಸೈಟೇಶನ್ (ಬೇರೆ ಪ್ರಬಂಧಗಳಲ್ಲಿ ಬಂದ ಉಲ್ಲೇಖ), ಎಚ್-ಇಂಡೆಕ್ಸ್ ಎಷ್ಟು, ಒಂದೂ ಇಲ್ಲ. ಅದಿಲ್ಲದೆ ವಿಜ್ಞಾನಿಯನ್ನು ಅಳೆಯುವುದು ಹೇಗೆಂದು ಪಿಎಚ್.ಡಿ. ಮಾಡುತ್ತಿರುವ ನನ್ನ ಮೊಮ್ಮಗ ಕೇಳುತ್ತಾನೆ."

ಸಂಪಾದಕರ ಉತ್ತರ:

ಬೇಕೆಂದೇ ಬಿಟ್ಟೆವು ಸರ್. ಲೆಕ್ಕದಿಂದ ಉಪಯೋಗವೇ ಇಲ್ಲ ಎನ್ನುವುದಿಲ್ಲ. ಶಿಫಾರಸು ತರಲು ಯಾರೂ ಇಲ್ಲದ ಹುಡುಗನಿಗೆ ಆಯ್ಕೆ ಸಮಿತಿಯ ಎದುರು ಅಂಕಿ ಒಂದು ಆಸರೆ. ಅಷ್ಟು ಒಪ್ಪಿದೆ.

ಈಗ ನಿಮ್ಮ ಮೊಮ್ಮಗನಿಗೆ ಹೇಳಿ: ಎಚ್-ಇಂಡೆಕ್ಸ್ ಹುಟ್ಟಿದ್ದು 2005ರಲ್ಲಿ, ಭೌತವಿಜ್ಞಾನಿ ಹಿರ್ಷ್ ಅವರಿಂದ. ರಾಮಚಂದ್ರನ್ ತೀರಿಕೊಂಡದ್ದು 2001ರಲ್ಲಿ. ಒಬ್ಬರ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಸೈಟೇಶನ್ ಬಂದಿದ್ದರೆ ಅವರ ಎಚ್-ಇಂಡೆಕ್ಸ್ ಕನಿಷ್ಠ ಹತ್ತು. ಆ ಲೆಕ್ಕದಲ್ಲಿ, ಜಗತ್ತನ್ನೇ ಬದಲಿಸುವ ಎರಡು ಪ್ರಬಂಧ ಮಾತ್ರ ಬರೆದವನ ಸೂಚ್ಯಂಕ ಎರಡನ್ನು ದಾಟುವುದೇ ಇಲ್ಲ. ಮದರಾಸಿನಲ್ಲಿ ಕೂತು, ಕಾಂಗರೂ ಬಾಲದ ಸ್ನಾಯುರಜ್ಜುವನ್ನು ಎಕ್ಸ್-ರೇಗೆ ಒಡ್ಡಿ, 1954ರಲ್ಲಿ ಗೋಪಿನಾಥ್ ಕರ್ತಾ ಅವರ ಜೊತೆ, ಚರ್ಮ-ಮೂಳೆಗಳನ್ನು ಕಟ್ಟುವ ಪ್ರೊಟೀನಾದ ಕೊಲಾಜನ್‌ನದು ಮೂರೆಳೆಯ ಸುರುಳಿ ಎಂದವರು ರಾಮಚಂದ್ರನ್. 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಅವರೊಂದಿಗೆ ರಾಮಚಂದ್ರನ್ ನಕ್ಷೆ ಬಂತು. ಪ್ರೊಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಎಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ತಾಗಿಬಿಡುತ್ತವೆ ಎಂದು ಅದು ತೋರಿಸುತ್ತದೆ. ಇವತ್ತಿಗೂ ಎಲ್ಲಿ ಪ್ರೊಟೀನಿನ ರಚನೆ ಬಿಡಿಸಿದರೂ ಅದು ಸರಿಯಿದೆಯೇ ಎಂದು ಈ ನಕ್ಷೆಯಲ್ಲಿಟ್ಟು ನೋಡುತ್ತಾರೆ. ಹಾಗೆ ನೋಡುವವರಲ್ಲಿ ಎಷ್ಟೋ ಮಂದಿ 1963ರ ಪ್ರಬಂಧವನ್ನು ಉಲ್ಲೇಖಿಸುವುದಿಲ್ಲ, ಹೆಸರು ಹೇಳಿದರೆ ಸಾಕಾಗುತ್ತದೆ. ಸೈಟೇಶನ್ ಎಣಿಸುವ ಯಂತ್ರಕ್ಕೆ ಅದು ಕಾಣುವುದೇ ಇಲ್ಲ.

ಇನ್ನೊಂದು ಕೇಳಿ. ಹರಳಿಗೆ ಎಕ್ಸ್-ರೇ ಹಾಯಿಸಿ ಅದರೊಳಗೆ ಪರಮಾಣುಗಳು ಹೇಗೆ ಜೋಡಿಕೊಂಡಿವೆ ಎಂದು ಬಿಡಿಸಲು ಬಳಸುವ ಶೆಲ್ಎಕ್ಸ್ ಎಂಬ ತಂತ್ರಾಂಶದ ಕತೆಯನ್ನು ಅದನ್ನು ರೂಪಿಸಿದ ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ಒಂದು ಹರಳುವಿಜ್ಞಾನ ಪತ್ರಿಕೆಯಲ್ಲಿ ಬರೆದರು. ತಂತ್ರಾಂಶ ಬಳಸಿದವರೆಲ್ಲ ಆ ಲೇಖನವನ್ನೇ ಉಲ್ಲೇಖಿಸಿದರು. ಸುಮಾರು 2 ಇದ್ದ ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಇತ್ತೀಚಿನ ಲೇಖನವೊಂದಕ್ಕೆ ಸರಾಸರಿ ಬರುವ ಸೈಟೇಶನ್) ಮರುವರ್ಷ 50ರ ಹತ್ತಿರಕ್ಕೆ ಹಾರಿತು. ಶೆಲ್ಡ್ರಿಕ್ ಕೆಲಸ ದೊಡ್ಡದೇ. ಆದರೆ ಅದೇ ಪತ್ರಿಕೆಯ ಉಳಿದ ಲೇಖಕರು ಒಂದು ವರ್ಷದಲ್ಲಿ ಇಪ್ಪತ್ತೈದು ಪಟ್ಟು ಜಾಣರಾದರೇ?

ಬ್ರಿಟನ್ನಿನ ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ ಇನ್ಸುಲಿನ್ ಎಂಬ ಪ್ರೊಟೀನಿನ ಹರಳಿನ ಎಕ್ಸ್-ರೇ ಚಿತ್ರ ತೆಗೆದದ್ದು 1930ರ ದಶಕದಲ್ಲಿ, ರಚನೆ ಬಿಡಿಸಿದ್ದು 1969ರಲ್ಲಿ. ನಡುವೆ ಪೆನಿಸಿಲಿನ್, ವಿಟಮಿನ್ ಬಿ12ರ ರಚನೆ, 1964ರ ನೊಬೆಲ್ ಎಲ್ಲ ಬಂದವು, ಇನ್ಸುಲಿನ್ ಮಾತ್ರ ಕೈಬಿಡಲಿಲ್ಲ. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿಗೆ ಬಂದು ಇಲ್ಲಿ ಪ್ರೊಟೀನ್ ಹರಳುಗಳ ಅಧ್ಯಯನವನ್ನು ಬೆಳೆಸಿದರು. ಇನ್ಸುಲಿನ್ನಿಗೆ ಅಷ್ಟು ವರ್ಷ ಕಾಯುವವರಿಗೆ ಇವತ್ತು ಯಾರು ಗ್ರಾಂಟ್ ಕೊಡುತ್ತಾರೆ ಹೇಳಿ.

ನಮ್ಮ ಕಚೇರಿಗೆ ಬರುವ ಕಾರ್ಕಳದ ಕಡೆಯ ಹುಡುಗಿಯೊಬ್ಬಳು ಹರಳು ಕಟ್ಟಲೊಪ್ಪದ ಪ್ರೊಟೀನಿನ ಹಿಂದೆ ವರ್ಷಗಟ್ಟಲೆ ಬಿದ್ದಿದ್ದಳು. ಸಂದರ್ಶನದಲ್ಲಿ "ಎಷ್ಟು ಪೇಪರ್?" ಎಂದಷ್ಟೇ ಕೇಳಿ ಕಳಿಸಿದರಂತೆ. ಯಾವ ಪ್ರೊಟೀನು, ಯಾಕೆ ಹರಳು ಕಟ್ಟುವುದಿಲ್ಲ ಎಂದು ಯಾರೂ ಕೇಳಲಿಲ್ಲ. ನನಗೆ ಈಗಲೂ ಸಂಕಟವಾಗುವುದು ಅದಕ್ಕೆ.

ಈ ಚಾಳಿ ಶುರುವಾಗುವುದು ನಮ್ಮಲ್ಲೇ ಅಲ್ಲವೇ? ಪಿಯುಸಿ ಫಲಿತಾಂಶ ಬಂದ ಮರುದಿನ ಪಂಪ್‌ವೆಲ್‌ನಿಂದ ಮಣಿಪಾಲದವರೆಗೆ ಫ್ಲೆಕ್ಸ್: ಮಕ್ಕಳ ಮುಖ, ಅದಕ್ಕಿಂತ ದೊಡ್ಡದಾಗಿ ಅಂಕ. ಜಿಲ್ಲೆಗೆ ಮೊದಲ ಸ್ಥಾನ ಬಂದರೆ ನಮ್ಮ ಮುಖಪುಟದಲ್ಲೂ ಹಾಕಿ ಎಂಬ ಒತ್ತಾಯ ಬೇರೆ. ಆ ಮಕ್ಕಳಲ್ಲಿ ಒಬ್ಬರಾದರೂ ಪಾಠದಲ್ಲಿಲ್ಲದ ಪ್ರಶ್ನೆ ಕೇಳಿದ್ದರೇ ಎಂದು ಯಾವ ಫ್ಲೆಕ್ಸೂ ಹೇಳುವುದಿಲ್ಲ. ಹೀಗೆ ಬೆಳೆದ ಮಗು ಲ್ಯಾಬಿಗೆ ಹೋದ ಮೇಲೂ ಅಂಕವನ್ನೇ ಹುಡುಕಿದರೆ ತಪ್ಪು ಮಗುವಿನದ್ದಲ್ಲ.

ನೀವು ಮೇಷ್ಟರಾಗಿದ್ದವರು, ಇಷ್ಟು ಚೆನ್ನಾಗಿ ಪತ್ರ ಬರೆಯುವವರು, ನಿಮಗೆ ಇದು ತಿಳಿಯದ್ದಲ್ಲ. ನಿಮ್ಮ ಮೊಮ್ಮಗ ಯಾವ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾನೆ ಎಂದು ಪತ್ರದಲ್ಲಿ ಬರೆದಿಲ್ಲ. ನಿಮಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆದು ಕಳಿಸಲು ಹೇಳಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಡುತ್ತೇವೆ.