ಥರ್ಮಸ್ ಥರ್ಮೋಫಿಲಸ್: ಕನಾಮೈಸಿನ್ ಪ್ಲೇಟಿನಲ್ಲಿ ಕಾಲೊನಿ ಮೂಡದಿರುವುದಕ್ಕೆ ಪ್ರತಿಕ್ರಿಯೆ

ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಸರಿಯಾಗಿ ಕೆಲಸ ಮಾಡಿದ ಪ್ಲಾಸ್ಮಿಡ್ (ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ) ಅನ್ನು ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಥರ್ಮಸ್ ಥರ್ಮೋಫಿಲಸ್ ಬ್ಯಾಕ್ಟೀರಿಯಾಕ್ಕೆ ಸೇರಿಸಿದಾಗ, 70 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ, ಕನಾಮೈಸಿನ್ ಎಂಬ ಪ್ರತಿಜೀವಕ ಬೆರೆಸಿದ ಪ್ಲೇಟಿನಲ್ಲಿ ಒಂದು ಕಾಲೊನಿಯೂ ಬರುತ್ತಿಲ್ಲವೇಕೆಂದು ನೀವು ಕೇಳಿದ್ದೀರಿ. ಕನಾಮೈಸಿನ್‌ಗೆ ಪ್ರತಿರೋಧ ಕೊಡಬೇಕಾದ ಕಿಣ್ವವೇ ಆ ಶಾಖಕ್ಕೆ ಕೆಡುತ್ತಿರುವ ಸಾಧ್ಯತೆ ಹೆಚ್ಚು. ಡಿಎನ್‌ಎ ಒಳಗೆ ಹೋಗುತ್ತಿಲ್ಲವೆಂದು ಈಗಲೇ ತೀರ್ಮಾನಿಸಬೇಡಿ. ಈ ಬ್ಯಾಕ್ಟೀರಿಯಾ ಹೊರಗಿನ ಡಿಎನ್‌ಎಯನ್ನು ತಾನಾಗಿಯೇ ಹೀರಿಕೊಳ್ಳುವುದರಲ್ಲಿ ಹೆಸರುವಾಸಿ.

ಮೊದಲು ಪ್ಲಾಸ್ಮಿಡ್‌ನ ನಕ್ಷೆ ತೆರೆದು ಪ್ರತಿರೋಧ ಜೀನ್ ಯಾವುದೆಂದು ನೋಡಿ. ಅದು ಸಾಮಾನ್ಯ ಬಗೆಯದಾಗಿದ್ದರೆ, ಶಾಖ ತಾಳುವಂತೆ ಮಾರ್ಪಡಿಸಿದ ಕನಾಮೈಸಿನ್ ನ್ಯೂಕ್ಲಿಯೋಟೈಡಿಲ್‌ಟ್ರಾನ್ಸ್‌ಫರೇಸ್ (ಕನಾಮೈಸಿನ್ ಅನ್ನು ನಿಷ್ಕ್ರಿಯಗೊಳಿಸುವ ಕಿಣ್ವ) ಜೀನನ್ನು ಥರ್ಮಸ್‌ನದೇ ಪ್ರೊಮೋಟರ್‌ನ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ನಂತರ ಬರುವಂತೆ ಜೋಡಿಸಿ; ಕೋಶದ ಹೊರಪದರದ ಪ್ರೋಟೀನಿಗೆ ಸಂಬಂಧಿಸಿದ ಎಸ್‌ಎಲ್‌ಪಿಎ (slpA) ಜೀನಿನ ಪ್ರೊಮೋಟರ್ ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿದೆ. ನೀವು ಪ್ಲಾಸ್ಮಿಡ್‌ನ ಹೆಸರು ಬರೆದಿಲ್ಲವಾದ್ದರಿಂದ ಎರಡನೆಯ ಕಾರಣವನ್ನು ನಾನು ತಳ್ಳಿಹಾಕಲಾರೆ: ಪ್ಲಾಸ್ಮಿಡ್‌ನಲ್ಲಿ ಇ. ಕೋಲಿಯ ಪ್ರತಿಕೃತಿ ಮೂಲ (ಡಿಎನ್‌ಎ ನಕಲಾಗಲು ಶುರುವಾಗುವ ಜಾಗ) ಒಂದೇ ಇದ್ದರೆ ಅದು ಥರ್ಮಸ್‌ನಲ್ಲಿ ನಿಲ್ಲುವುದಿಲ್ಲ. ಆಗ ಥರ್ಮಸ್‌ನ ಮೂಲವಾದರೂ ಬೇಕು, ಇಲ್ಲವೇ ಕ್ರೋಮೋಸೋಮಿನೊಡನೆ ಹೊಂದಿ ಅದರಲ್ಲಿ ಸೇರಿಕೊಳ್ಳುವಂತೆ ಮಾಡುವ ತುದಿಗಳಾದರೂ ಬೇಕು.

ಪ್ರಯೋಗವನ್ನು ಮತ್ತೆ ಮಾಡುವಾಗ ಎರಡು ನಿಯಂತ್ರಣಗಳನ್ನು ಇಟ್ಟುಕೊಳ್ಳಿ. ಡಿಎನ್‌ಎ ಸೇರಿಸದ ಕೋಶಗಳ ಪ್ಲೇಟು ತಾನಾಗಿ ಹುಟ್ಟುವ ನಿರೋಧಕ ರೂಪಾಂತರಿಗಳನ್ನು ತೋರಿಸುತ್ತದೆ. ಸ್ಟ್ರೆಪ್ಟೊಮೈಸಿನ್-ನಿರೋಧಕ ಥರ್ಮಸ್ ತಳಿಯ ಕ್ರೋಮೋಸೋಮ್ ಡಿಎನ್‌ಎ ಕೊಟ್ಟು ಸ್ಟ್ರೆಪ್ಟೊಮೈಸಿನ್ ಪ್ಲೇಟಿಗೆ ಹರಡಿದರೆ ಕೋಶಗಳು ಡಿಎನ್‌ಎ ಹೀರುತ್ತಿವೆಯೋ ಇಲ್ಲವೋ ನೇರವಾಗಿ ತಿಳಿಯುತ್ತದೆ. ಅಲ್ಲಿಯೂ ಕಾಲೊನಿ ಬರದಿದ್ದರೆ ಮಾಧ್ಯಮದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆಯೇ ಎಂದು ಪರೀಕ್ಷಿಸಿ. ಈ ಶಾಖದಲ್ಲಿ ಅಗರ್ ಬೇಗ ಒಣಗುತ್ತದೆ (ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ), ಆದ್ದರಿಂದ ಅದರ ಬದಲು ಜೆಲನ್ ಗಮ್ (ಶಾಖ ತಾಳುವ ಜೆಲ್ಲಿಯಂಥ ಪದಾರ್ಥ) ಬಳಸಿ ಪ್ಲೇಟುಗಳನ್ನು ತೇವ ಆರದಂತೆ ಮುಚ್ಚಿಡಿ.

ಜೀನನ್ನು ಅಳಿಸುವುದೇ ಗುರಿಯಾಗಿದ್ದರೆ ಸಿಕ್ಕ ಕಾಲೊನಿಗಳನ್ನು ಕನಾಮೈಸಿನ್ ಮೇಲೆ ಪದೇ ಪದೇ ಗೀರಿ, ಹಳೆಯ ಜೀನ್ ಉಳಿದಿದೆಯೇ ಎಂದು ಪಿಸಿಆರ್ (ಡಿಎನ್‌ಎ ತುಣುಕನ್ನು ಹೆಚ್ಚಿಸಿ ನೋಡುವ ಪರೀಕ್ಷೆ) ಮಾಡಿ: ಈ ಜೀವಿಯ ಪ್ರತಿ ಕೋಶದಲ್ಲಿ ಕ್ರೋಮೋಸೋಮಿನ ಹಲವು ಪ್ರತಿಗಳಿರುವುದರಿಂದ ಹಳೆಯ ಜೀನ್ ಕೆಲವು ಪ್ರತಿಗಳಲ್ಲಿ ಉಳಿದಿರಬಹುದು.