ಅಬ್ಬಕ್ಕನ ಕವರ್‌ನಿಂದ ಸ್ಟ್ಯಾಂಪ್ ಬಿಡಿಸಬಹುದಾ?

ಪ್ರಶ್ನೆ: ಮಾವನವರ ಹಳೇ ಫೈಲಿನಲ್ಲಿ ರಾಣಿ ಅಬ್ಬಕ್ಕನ ಹೆಸರಿನ ಒಂದು ಅಂಚೆ ಕವರ್ ಸಿಕ್ಕಿತು. ಅದರ ಮೇಲೆ 15 ಜನವರಿ 2003ರ ಸೀಲು ಇದೆ. ನೀರಲ್ಲಿ ನೆನೆಸಿ ಸ್ಟ್ಯಾಂಪ್ ಬಿಡಿಸಿ ಆಲ್ಬಮ್‌ಗೆ ಹಾಕೋಣ ಅಂತಾಳೆ ಮಗಳು. ಪಕ್ಕದ ಮನೆಯವರು ಅಬ್ಬಕ್ಕನ ಸ್ಟ್ಯಾಂಪ್ ಬಂದದ್ದೇ 2023ರಲ್ಲಿ ಅನ್ನುತ್ತಾರೆ. ಹಾಗಾದರೆ ಇದೇನು? ಬೆಲೆ ಬರುತ್ತದಾ? ಸ್ಟ್ಯಾಂಪಿನಲ್ಲಿರುವುದು ಅಬ್ಬಕ್ಕನ ನಿಜವಾದ ಮುಖವಾ?
— ಓದುಗರು, ತೊಕ್ಕೊಟ್ಟು

ಉತ್ತರ: ಮೊದಲು ಮಗಳ ಕೈ ತಡೆಯಿರಿ. ದಯವಿಟ್ಟು ನೀರಿಗೆ ಹಾಕಬೇಡಿ.

ನಿಮ್ಮ ಹತ್ತಿರ ಇರುವುದು ವಿಶೇಷ ಲಕೋಟೆ, ಅಂದರೆ ಒಬ್ಬ ವ್ಯಕ್ತಿಯ ಅಥವಾ ಸಂದರ್ಭದ ನೆನಪಿಗೆ ಅಂಚೆ ಇಲಾಖೆ ಹೊರತರುವ ಸ್ಪೆಷಲ್ ಕವರ್. ಅದಕ್ಕೆ ಅಂಟಿಸುವುದು ಆಗ ಚಾಲ್ತಿಯಲ್ಲಿದ್ದ ಬೇರೆ ಯಾವುದೋ ಸ್ಟ್ಯಾಂಪ್. ಅಬ್ಬಕ್ಕನಿಗೆ ಸೇರಿದ್ದು ಲಕೋಟೆ ಮತ್ತು ಆ ದಿನದ ಸೀಲು. ಸ್ಟ್ಯಾಂಪ್ ಬಿಡಿಸಿದರೆ ಸೀಲು ಅರ್ಧ ಅಲ್ಲಿ, ಅರ್ಧ ಇಲ್ಲಿ. ಎರಡೂ ಹೋದ ಹಾಗೆ. ಪಕ್ಕದ ಮನೆಯವರು ಹೇಳಿದ್ದೂ ಸರಿ. ಅಬ್ಬಕ್ಕನದೇ ಸ್ಮಾರಕ ಅಂಚೆಚೀಟಿ 2023ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲೇ ಬಿಡುಗಡೆಯಾಯಿತು. ಕಿತ್ತೂರು ಚೆನ್ನಮ್ಮನ ಸ್ಟ್ಯಾಂಪ್ 1977ರಲ್ಲೇ ಬಂದಿತ್ತು, ಝಾನ್ಸಿ ರಾಣಿಯದು 1957ರಲ್ಲಿ. ನಮ್ಮ ಕರಾವಳಿಯ ರಾಣಿ ಅಷ್ಟು ವರ್ಷ ಕಾಯಬೇಕಾಯಿತಲ್ಲ ಅಂತ ನನಗೆ ಈಗಲೂ ಬೇಜಾರಿದೆ.

ಇನ್ನು ಬೆಲೆ. ಸ್ಮಾರಕ ಅಂಚೆಚೀಟಿಯನ್ನು ಸಾಮಾನ್ಯವಾಗಿ ಒಂದೇ ಸಲ ಮುದ್ರಿಸುತ್ತಾರೆ, ಮುಗಿದ ಮೇಲೆ ಮತ್ತೆ ಮಾಡುವುದಿಲ್ಲ. ಹಾಗಂತ ಕೂಡಲೇ ಬೆಲೆ ಏರುತ್ತದೆ ಅಂದುಕೊಳ್ಳಬೇಡಿ, ಯಾಕಂದರೆ ಇತ್ತೀಚಿನವು ಲಕ್ಷಗಟ್ಟಲೆ ಅಚ್ಚಾಗುತ್ತವೆ. ದುಡ್ಡಿನ ಆಸೆಗೆ ಹತ್ತು ಶೀಟ್ ಕೊಂಡು ಇಡುವುದು ಬೇಡ. ಇನ್ನೊಂದು ವಿಷಯ: ದುಡ್ಡು ಕೊಟ್ಟರೆ ನಮ್ಮದೇ ಫೋಟೋ ಹಾಕಿಸಿಕೊಳ್ಳಬಹುದಾದ 'ಮೈ ಸ್ಟ್ಯಾಂಪ್' ಅಂತ ಇದೆ. ಅಂಥದ್ದನ್ನು ಯಾರಾದರೂ ಅಪರೂಪದ ಸ್ಮಾರಕ ಸ್ಟ್ಯಾಂಪ್ ಅಂತ ಮಾರಿದರೆ ಕೊಳ್ಳಬೇಡಿ.

ಕವರಿಗೆ ನಿಜವಾದ ಶತ್ರು ನಮ್ಮ ಮಳೆಗಾಲ. ಜೂನ್ ಬಂದರೆ ಸಾಕು, ಗೋಡೆಗೆ ತಾಗಿದ ಕಬ್ಬಿಣದ ಕಪಾಟಿನೊಳಗೂ ಬೂಸು ಹಿಡಿಯುತ್ತದೆ, ಹೊಸ ಸ್ಟ್ಯಾಂಪಿನ ಅಂಟು ಪಸೆ ಹೀರಿ ಆಲ್ಬಮ್ ಹಾಳೆಗೆ ಹಿಡಿದುಕೊಳ್ಳುತ್ತದೆ, ಕಾಗದದ ಮೇಲೆ ಕಂದು ಚುಕ್ಕಿ ಏಳುತ್ತದೆ. ಅದಕ್ಕೆ ಹೆದರಿ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಆ ಬಿಸಿಗೆ ಅಂಟು ಕರಗಿ ಪ್ಲಾಸ್ಟಿಕ್ ಕಾಗದಕ್ಕೇ ಕೂತುಬಿಡುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಪಾರದರ್ಶಕ ಪೌಚಿನಲ್ಲಿ ಹಾಕಿ, ಆಲ್ಬಮ್ ನಿಲ್ಲಿಸಿ ಇಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬಿಸಿಲು ಬಂದ ದಿನ ನೆರಳಿನಲ್ಲಿ ಸ್ವಲ್ಪ ಹೊತ್ತು ತೆರೆದಿಡಿ. ಸ್ಟ್ಯಾಂಪನ್ನು ಬೆರಳಿನಿಂದ ಮುಟ್ಟದೆ ಚಿಮುಟದಲ್ಲಿ ಹಿಡಿಯುವುದನ್ನು ಮಗಳಿಗೆ ಈಗಲೇ ಕಲಿಸಿ.

ಮುಖದ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. 2023ರ ಸ್ಟ್ಯಾಂಪಿನಲ್ಲಿರುವ ಅಬ್ಬಕ್ಕನ ಮುಖ ಕಲಾವಿದರ ಕಲ್ಪನೆ. ಎದುರು ಕೂರಿಸಿ ಬರೆದ ಚಿತ್ರ ನಮಗೆ ಉಳಿದಿಲ್ಲ. ಆದರೆ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಆಕೆ ಕಾಲುವೆ ಕೆಲಸ ನೋಡಿಕೊಳ್ಳುತ್ತಿದ್ದಳು. ಬರಿಗಾಲು, ಸಾದಾ ಹತ್ತಿ ಬಟ್ಟೆ, ಮೇಲೆ ತಾಳೆಗರಿಯ ಕೊಡೆ. ನೋಡಲು ಅಡುಗೆಯವಳ ಹಾಗೆ ಕಂಡರೂ ಮಾತಿನಲ್ಲಿ ರಾಣಿ ಅನ್ನುವುದು ಗೊತ್ತಾಗುತ್ತಿತ್ತು ಅಂತಾನೆ. ಕಿರೀಟ, ಕುದುರೆ, ಒಡವೆಯ ಚಿತ್ರಗಳಿಗಿಂತ ಈ ಮಾತು ನನಗೆ ಹೆಚ್ಚು. ಆದರೆ ಪೋರ್ಚುಗೀಸರು ಉಳ್ಳಾಲದ ಮೇಲೆ ಏರಿ ಬಂದದ್ದು 1555ರ ಹೊತ್ತಿಗೆ. ನಡುವೆ ಸುಮಾರು 70 ವರ್ಷ ಇದೆ, ಅಲ್ವಾ? ಉಳ್ಳಾಲವನ್ನು ಆಳಿದ ಚೌಟ ಮನೆತನದಲ್ಲಿ ಅಬ್ಬಕ್ಕ ಹೆಸರಿನವರು ಒಬ್ಬರಿಗಿಂತ ಜಾಸ್ತಿ ಇದ್ದರು ಅಂತ ಇತಿಹಾಸ ಬಲ್ಲವರು ಹೇಳುವುದು ಇದಕ್ಕೇ.

2023ರ ಸ್ಟ್ಯಾಂಪ್ ಬೇಕಿದ್ದರೆ ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಯಲ್ಲಿ ಮೊದಲು ವಿಚಾರಿಸಿ. ಸಿಕ್ಕಿದರೆ ಎರಡು ಕೊಳ್ಳಿ. ಒಂದು ಆಲ್ಬಮ್‌ಗೆ, ಇನ್ನೊಂದನ್ನು ಅಂಟಿಸಿ ಮಗಳು ಅಜ್ಜಿಗೆ ಕಾಗದ ಬರೆಯಲಿ.