ತುಟಿ ಜುಮ್ಮೆಂದಾಗಲೇ ಮಾತ್ರೆ, ಗುಳ್ಳೆ ಎದ್ದ ಮೇಲಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ. ಮದ್ದೂರು ಹತ್ತಿರದ ಹಳ್ಳಿ. ವರ್ಷಕ್ಕೆ ಮೂರ್ನಾಲ್ಕು ಸಲ ಕೆಳತುಟಿಯ ಅಂಚಿನಲ್ಲಿ, ಅದೇ ಜಾಗದಲ್ಲಿ, ನೀರುಗುಳ್ಳೆಗಳು ಗೊಂಚಲಾಗಿ ಏಳುತ್ತವೆ. ಜ್ವರ ಬಂದಾಗ, ಇಲ್ಲವೇ ಬಿಸಿಲಲ್ಲಿ ಗದ್ದೆ ಕೆಲಸ ಮಾಡಿದ ಮೇಲೆ ಹೆಚ್ಚು. ಬಸ್ಸಾರು ಬಾಯಿಗಿಟ್ಟರೆ ಪ್ರಾಣ ಹೋದಷ್ಟು ಉರಿ. ಅತ್ತೆ ಸುಣ್ಣ ಹಚ್ಚು ಅಂತಾರೆ, ಪಕ್ಕದ ಮನೆಯವರು ಸರ್ಪಸುತ್ತು ಅಂತಾರೆ. ಮೆಡಿಕಲ್‌ ಶಾಪಿನಲ್ಲಿ ಕೇಳಿ ತಂದ ಮುಲಾಮು ಹಚ್ಚಿದರೂ ಹತ್ತು ದಿನ ಹಿಡಿಯುತ್ತದೆ. ಬೇಗ ವಾಸಿಯಾಗಲು ಏನು ಮಾಡಲಿ? ಬಾಣಂತನಕ್ಕೆ ಬಂದಿರುವ ನಾದಿನಿಯ 20 ದಿನದ ಮಗು ಮನೆಯಲ್ಲಿದೆ, ಎತ್ತಿಕೊಳ್ಳಬಹುದೇ?

ಉತ್ತರ: ಮಗುವಿನ ಮಾತು ಮೊದಲು. ಹಕ್ಕಳೆ ಪೂರ್ತಿ ಉದುರಿ ಚರ್ಮ ಕೂಡುವವರೆಗೆ ಮಗುವಿಗೆ ಮುತ್ತು ಕೊಡಬೇಡಿ, ಮುಖಕ್ಕೆ ಮುಖ ತಾಗಿಸಬೇಡಿ. ಎತ್ತಿಕೊಳ್ಳಲೇಬೇಕಾದರೆ ಕೈಯನ್ನು ಸೋಪಿನಿಂದ ತೊಳೆದು, ಮಾಸ್ಕ್ ಹಾಕಿಕೊಳ್ಳಿ. ನಮಗೆ ತುಟಿಯ ಹುಣ್ಣಾಗಿ ಮುಗಿಯುವ ಇದೇ ವೈರಸ್ ಹಸುಗೂಸಿನ ಮಿದುಳಿಗೂ ಯಕೃತ್ತಿಗೂ ಹಬ್ಬಿ ಜೀವಕ್ಕೇ ಎರವಾಗಬಲ್ಲದು. ಮಗು ಹಾಲು ಬಿಟ್ಟರೆ, ಮಂಕಾದರೆ, ಮೈ ಬಿಸಿಯಾದರೆ, ಎಲ್ಲಾದರೂ ಗುಳ್ಳೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕರೆದೊಯ್ಯಿರಿ. ಮನೆಯಲ್ಲಿ ಒಬ್ಬರಿಗೆ ತುಟಿ ಗುಳ್ಳೆ ಇತ್ತೆಂದು ಅಲ್ಲಿನ ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ.

ನೀವು ಬರೆದಿರುವ ಲಕ್ಷಣಗಳು ಸರ್ಪಸುತ್ತಿನವಲ್ಲ. ಅದು ಸೀತಾಳೆ ಸಿಡುಬಿನ ವೈರಸ್ ಮತ್ತೆ ತಲೆಯೆತ್ತಿ ಮೈಯ ಒಂದೇ ಮಗ್ಗುಲಿನಲ್ಲಿ ಪಟ್ಟಿಯಂತೆ ಏಳುವುದು. ನಿಮ್ಮದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ಬೇರೆ ವೈರಸ್ಸಿನದು. ಹರ್ಪಿಸ್ ಎಂದೊಡನೆ ಲೈಂಗಿಕ ರೋಗವೆಂದುಕೊಂಡು ಹಲವರು ತಲೆ ತಗ್ಗಿಸುತ್ತಾರೆ, ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ. ಬಹುಪಾಲು ಜನರಿಗೆ ಇದು ಚಿಕ್ಕಂದಿನಲ್ಲಿ ಮನೆಯವರ ಮುತ್ತಿನಿಂದ, ಎಂಜಲಿನಿಂದ ಅಂಟಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಈ ವೈರಸ್ ಇದೆ.

ಒಮ್ಮೆ ಹೊಕ್ಕ ವೈರಸ್ ಮುಖದ ನರದ ಗಂಟಿನಲ್ಲಿ ಅಡಗಿ ಕೂರುತ್ತದೆ. ಬಿಸಿಲು, ಜ್ವರ, ನಿದ್ದೆಗೇಡು, ಮುಟ್ಟು ಇವು ಕೆಣಕಿದಾಗ ನರದಗುಂಟ ತುಟಿಗೆ ಇಳಿಯುತ್ತದೆ. ಗುಳ್ಳೆ ಕಾಣುವ ಮೊದಲು ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನ, ಆ ಜಾಗ ಜುಮ್ಮೆನ್ನುತ್ತದೆ, ನವೆಯಾಗುತ್ತದೆ, ಬಿಗಿದಂತಾಗುತ್ತದೆ. ನಿಮಗೂ ಹಾಗಾಗುತ್ತಿರಬೇಕು, ನೆನಪಿಸಿಕೊಳ್ಳಿ. ಮಾತ್ರೆ ನುಂಗಬೇಕಾದ ಹೊತ್ತು ಅದೇ. ಅಸೈಕ್ಲೋವಿರ್ ಜಾತಿಯ ಔಷಧ ವೈರಸ್ಸು ಮರಿ ಹಾಕುವುದನ್ನು ತಡೆಯುತ್ತದೆ. ಆಗಲೇ ಆದ ಗಾಯವನ್ನು ಮಾಯಿಸುವುದಿಲ್ಲ, ನರದಲ್ಲಿ ಅಡಗಿದ್ದನ್ನು ಅಳಿಸುವುದೂ ಇಲ್ಲ. ಗುಳ್ಳೆ ಒಡೆದು ನೀರು ಸೋರುವಾಗ ಶುರು ಮಾಡಿದರೆ ಪ್ರಯೋಜನ ತೀರಾ ಕಡಿಮೆ. ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೂ ಸಾಮಾನ್ಯವಾಗಿ ವಾಸಿಯಾಗುವುದು ಒಂದು ದಿನದಷ್ಟು ಬೇಗ, ಅದಕ್ಕಿಂತ ಹೆಚ್ಚಲ್ಲ, ಅಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ವಯಸ್ಕರಿಗೆ ಅದೇ ಜಾತಿಯ ವಾಲಸೈಕ್ಲೋವಿರ್ 2 ಗ್ರಾಂ, ಹನ್ನೆರಡು ಗಂಟೆ ಬಿಟ್ಟು ಮತ್ತೆ 2 ಗ್ರಾಂ. ಒಂದೇ ದಿನಕ್ಕೆ ಮುಗಿಯಿತು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕು, ಬಸುರಿಯರು ಮತ್ತು ಹಾಲೂಡಿಸುವವರು ಮೊದಲೇ ತಿಳಿಸಬೇಕು. ಆದ್ದರಿಂದ ತುಟಿ ಚೆನ್ನಾಗಿರುವಾಗಲೇ ಚರ್ಮದ ವೈದ್ಯರನ್ನು ಕಂಡು, ಚೀಟಿ ಬರೆಸಿ, ಮಾತ್ರೆ ತಂದು ಮನೆಯಲ್ಲಿಟ್ಟುಕೊಳ್ಳಿ. ಜುಮ್ಮೆಂದ ರಾತ್ರಿ ಮದ್ದೂರಿಗೆ ಹೋಗಿ ಅಂಗಡಿ ತೆರೆದಿದೆಯೇ ಎಂದು ನೋಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚಾಗತೊಡಗಿದರೆ ದಿನವೂ ಸಣ್ಣ ಪ್ರಮಾಣದಲ್ಲಿ ಕೊಡುವ ಕ್ರಮವೂ ಇದೆ.

ಅಂಗಡಿಯಲ್ಲಿ ಕೇಳಿ ತಂದ ಆ ಮುಲಾಮಿನ ಹೆಸರು ನೀವು ಬರೆದಿಲ್ಲ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಇಂದೇ ನಿಲ್ಲಿಸಿ, ವೈರಸ್ಸಿಗೆ ಅದು ಅನುಕೂಲ ಮಾಡಿಕೊಡುತ್ತದೆ. ಅಸೈಕ್ಲೋವಿರ್ ಮುಲಾಮಾದರೆ ದಿನಕ್ಕೆ ಐದು ಸಲ ಹಚ್ಚಬೇಕು, ಆದರೂ ಮಾತ್ರೆಯಷ್ಟು ಗುಣ ಕಾಣದು. ಸುಣ್ಣ ತುಟಿಯ ಎಳೆ ಚರ್ಮವನ್ನು ಸುಡುತ್ತದೆ, ಅತ್ತೆಯವರಿಗೆ ಈ ಉತ್ತರವನ್ನೇ ಓದಿ ಹೇಳಿ. ಉರಿಗೆ ಬರೀ ವ್ಯಾಸಲೀನ್ ಸಾಕು. ಗದ್ದೆಗೆ ಹೊರಡುವಾಗ ತುಟಿಗೆ ಬಿಸಿಲು ತಡೆಯುವ, ಎಸ್‌ಪಿಎಫ್ 30 ಎಂದು ಬರೆದಿರುವ ಲಿಪ್ ಬಾಮ್ ಹಚ್ಚಿ, ಸೆರಗನ್ನು ಮುಖಕ್ಕೆ ನೆರಳಾಗುವಂತೆ ಹೊದ್ದುಕೊಳ್ಳಿ.

ಗುಳ್ಳೆ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ. ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ನೋಡಲಾಗದಿದ್ದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.